ಒಂದೇ ಲಸಿಕೆ, ಬೇರೆ ಬೇರೆ ಮೈ: ಕರುಳಿನ ಹುಳುಗಳ ವಿರುದ್ಧದ ಲಸಿಕೆಯನ್ನು ವಂಶವಾಹಿ ಹೇಗೆ ತಿದ್ದುತ್ತದೆ?

ಒಂದು ಮಂದೆಯ ನೂರು ಕುರಿಗಳ ಹಿಕ್ಕೆಯನ್ನು ಒಂದೇ ದಿನ ಪರೀಕ್ಷಿಸಿದರೆ ಹುಳುವಿನ ಮೊಟ್ಟೆ ಎಲ್ಲದರಲ್ಲೂ ಒಂದೇ ಪ್ರಮಾಣದಲ್ಲಿ ಸಿಗುವುದಿಲ್ಲ. ಬಹುಪಾಲು ಕುರಿಗಳಲ್ಲಿ ಅಲ್ಪಸ್ವಲ್ಪ, ಕೆಲವೇ ಕೆಲವದರಲ್ಲಿ ರಾಶಿರಾಶಿ. ಹುಲ್ಲುಗಾವಲು, ವಯಸ್ಸು, ಮೇವು ಎಲ್ಲ ಒಂದೇ ಇದ್ದರೂ ಹೀಗೆಯೇ. ಸ್ಥೂಲವಾಗಿ ಹೇಳುವುದಾದರೆ ಐದರಲ್ಲಿ ಒಂದು ಪ್ರಾಣಿ ಒಟ್ಟು ಹುಳುಗಳ ಐದನೇ ನಾಲ್ಕು ಪಾಲನ್ನು ಹೊತ್ತಿರುತ್ತದೆ. ಮನುಷ್ಯರಲ್ಲಿ ದುಂಡುಹುಳು, ಚಾಟಿಹುಳು, ಕೊಕ್ಕೆಹುಳುಗಳ ಹಂಚಿಕೆಯೂ ಇದೇ ಬಗೆಯದು. ಔಷಧ ಕೊಟ್ಟು ಹುಳು ಬೀಳಿಸಿದ ಮೇಲೆ ಮತ್ತೆ ಸೋಂಕು ತಗುಲಿದಾಗ, ಹೆಚ್ಚಿನ ಹೊರೆ ಬೀಳುವುದು ಬಹುಮಟ್ಟಿಗೆ ಮೊದಲಿನವರ ಮೇಲೆಯೇ. ಇದರಲ್ಲಿ ನಡವಳಿಕೆಯ ಪಾಲು, ಮಣ್ಣಿನ ಸಂಪರ್ಕದ ಪಾಲು ಇದೆ. ವಂಶವಾಹಿಗಳ ಪಾಲೂ ಸಣ್ಣದಲ್ಲ.

ಲಸಿಕೆಯ ಮಾತು ಬಂದಾಗ ಈ ಅಸಮ ಹಂಚಿಕೆಯನ್ನು ಮರೆತರೆ ಲೆಕ್ಕವೇ ತಲೆಕೆಳಗಾಗುತ್ತದೆ. ಒಂದು ಕಾಲ್ಪನಿಕ ಮಂದೆ ತೆಗೆದುಕೊಳ್ಳಿ: ನೂರು ಕುರಿ, ಅವುಗಳಲ್ಲಿ 20 ಕುರಿಗಳಿಂದ ಶೇ 80ರಷ್ಟು ಮೊಟ್ಟೆ. ಮೊದಲನೇ ಲಸಿಕೆ 80 ಗಟ್ಟಿ ಕುರಿಗಳಲ್ಲಿ ಮೊಟ್ಟೆಯನ್ನು ಶೇ 95ರಷ್ಟು ಇಳಿಸುತ್ತದೆ, ಉಳಿದ 20ರಲ್ಲಿ ಶೇ 20ರಷ್ಟು ಮಾತ್ರ. ಪ್ರತಿ ಕುರಿಗೆ ಬಂದ ರಕ್ಷಣೆಯ ಸರಾಸರಿ ಶೇ 80. ಆದರೆ ಹುಲ್ಲುಗಾವಲಿಗೆ ಬೀಳುವ ಮೊಟ್ಟೆ 100 ಪಾಲಿನಿಂದ 65ಕ್ಕೆ ಇಳಿಯಿತಷ್ಟೆ, ಅಂದರೆ ಶೇ 35ರ ಇಳಿಕೆ. ಎರಡನೇ ಲಸಿಕೆ ಗಟ್ಟಿ ಕುರಿಗಳಲ್ಲಿ ಶೇ 50, ದುರ್ಬಲ ಕುರಿಗಳಲ್ಲಿ ಶೇ 90 ಕೆಲಸ ಮಾಡುತ್ತದೆ ಎನ್ನೋಣ. ಇದರ ಸರಾಸರಿ ರಕ್ಷಣೆ ಬರೀ ಶೇ 58. ಹುಲ್ಲುಗಾವಲಿನ ಮೊಟ್ಟೆ ಮಾತ್ರ ಶೇ 82ರಷ್ಟು ಕಡಿಮೆ. ವರದಿಯ ಮೊದಲ ಸಾಲಿನಲ್ಲಿ ಮೊದಲನೆಯದು ಗೆಲ್ಲುತ್ತದೆ, ಹೊಲದಲ್ಲಿ ಎರಡನೆಯದು. ಹಾಗಾಗಿ ಯಾವುದೇ ಹುಳುವಿನ ಲಸಿಕೆಯನ್ನು ನೋಡುವಾಗ ಕೇಳಬೇಕಾದ ಪ್ರಶ್ನೆ ಒಂದೇ: ಹುಟ್ಟಿನಿಂದಲೇ ಹುಳುವಿಗೆ ಸುಲಭವಾಗಿ ಬಗ್ಗುವ ಮೈಗಳಲ್ಲಿ ಇದು ಏನು ಮಾಡುತ್ತದೆ?

ಜೀನುಗಳು ಎಲ್ಲೆಲ್ಲಿ ಕೈಯಾಡಿಸುತ್ತವೆ

ಲಸಿಕೆ ಚುಚ್ಚಿದ ಕ್ಷಣದಿಂದ ಹುಳು ಹೊರಬೀಳುವವರೆಗೆ ಹಲವು ಹಂತಗಳಿವೆ. ಪ್ರತಿ ಹಂತದಲ್ಲೂ ಒಬ್ಬರಿಂದ ಒಬ್ಬರಿಗೆ ಬದಲಾಗುವ ಜೀನುಗಳಿವೆ.

ಮೊದಲನೆಯದು ಪ್ರತಿಜನಕವನ್ನು, ಅಂದರೆ ಪ್ರತಿರಕ್ಷೆ ಗುರುತಿಸುವ ಪರಕೀಯ ಅಂಶವನ್ನು, ತೋರಿಸುವ ಹಂತ. ಲಸಿಕೆಯ ಪ್ರೋಟೀನನ್ನು ಪ್ರತಿರಕ್ಷಣಾ ಕೋಶಗಳು ನುಂಗಿ, ತುಂಡರಿಸಿ, ಆ ತುಣುಕುಗಳನ್ನು ಎಂಎಚ್‌ಸಿ ಎರಡನೇ ವರ್ಗದ ಅಣುಗಳ ಮೇಲಿಟ್ಟು ಸಹಾಯಕ ಟಿ ಕೋಶಗಳಿಗೆ ತೋರಿಸುತ್ತವೆ. ಈ ಅಣುಗಳು ಒಂದೊಂದು ಅಚ್ಚಿನ ತಟ್ಟೆಗಳಿದ್ದಂತೆ. ಅಚ್ಚಿಗೆ ಕೂರುವ ತುಣುಕು ಮಾತ್ರ ನಿಲ್ಲುತ್ತದೆ, ಉಳಿದದ್ದು ಜಾರಿಹೋಗುತ್ತದೆ. ಯಾವ ಅಚ್ಚು ಎಂಬುದನ್ನು ಅಪ್ಪ ಅಮ್ಮನಿಂದ ಬಂದ ಜೀನು ನಿರ್ಧರಿಸುತ್ತದೆ. ಲಸಿಕೆಯಲ್ಲಿ ಒಂದೇ ಸಣ್ಣ ಪ್ರೋಟೀನಿದ್ದು, ಅದರ ಯಾವ ತುಣುಕೂ ಒಬ್ಬರ ಅಚ್ಚಿಗೆ ಚೆನ್ನಾಗಿ ಕೂರದಿದ್ದರೆ ಟಿ ಕೋಶದ ನೆರವು ಸಿಗುವುದಿಲ್ಲ. ನೆರವಿಲ್ಲದೆ ಒಳ್ಳೆಯ ಪ್ರತಿಕಾಯವೂ ಹುಟ್ಟುವುದಿಲ್ಲ. ಇದು ಹುಳುವಿಗಷ್ಟೇ ಸೀಮಿತವಲ್ಲ. ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸ್ ಪಡೆದ ವಯಸ್ಕರಲ್ಲಿ ಶೇ 5ರಿಂದ 10ರಷ್ಟು ಮಂದಿಗೆ ರಕ್ಷಣೆಯ ಮಟ್ಟದ ಪ್ರತಿಕಾಯ ಬರುವುದಿಲ್ಲ, ಮತ್ತು ಮನುಷ್ಯರಲ್ಲಿ ಈ ಅಚ್ಚನ್ನು ರೂಪಿಸುವ ಎಚ್‌ಎಲ್‌ಎ ಡಿಆರ್‌ಬಿ1 ಜೀನಿನ 03 ಹಾಗೂ 07 ರೂಪಗಳು ಇದರ ಜೊತೆ ಮತ್ತೆ ಮತ್ತೆ ಕಾಣಿಸಿಕೊಂಡಿವೆ. ಗ್ಯಾಂಬಿಯಾದ ಅವಳಿ ಮಕ್ಕಳ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಈ ಲಸಿಕೆಗೆ ಹುಟ್ಟಿದ ಪ್ರತಿಕಾಯದ ವ್ಯತ್ಯಾಸದಲ್ಲಿ ಶೇ 77ರಷ್ಟು ಆನುವಂಶಿಕ ಎಂದು ಅಂದಾಜಾಗಿತ್ತು.

ಎರಡನೆಯದು ವಾಲುವಿಕೆ. ಹುಳುಗಳನ್ನು ಹೊರಹಾಕಲು ಬೇಕಾದದ್ದು ಟಿಎಚ್2 ಎಂಬ ಬಗೆಯ ಪ್ರತಿಕ್ರಿಯೆ: ಐಎಲ್-4, ಐಎಲ್-5, ಐಎಲ್-13 ಎಂಬ ಸಂದೇಶ ಪ್ರೋಟೀನುಗಳು, ಐಜಿಇ ಪ್ರತಿಕಾಯ, ಇಯೋಸಿನೊಫಿಲ್‌ಗಳು, ಮಾಸ್ಟ್ ಕೋಶಗಳು ಎಂಬ ಪ್ರತಿರಕ್ಷಣಾ ಕೋಶಗಳು. ಇದರ ಬದಲು ದೇಹ ಇಂಟರ್‌ಫೆರಾನ್ ಗಾಮಾ ಎಂಬ ಸಂದೇಶ ಪ್ರೋಟೀನು ಮುಂದಾಳಾದ ಟಿಎಚ್1 ದಿಕ್ಕಿಗೆ ಹೊರಳಿದರೆ, ಅದು ವೈರಸ್‌ಗೂ ಕೋಶದೊಳಗಿನ ಬ್ಯಾಕ್ಟೀರಿಯಾಕ್ಕೂ ತಕ್ಕ ಅಸ್ತ್ರ. ಹುಳುವಿಗೆ ಅದರಿಂದ ಏನೂ ಆಗದು. ಪ್ರತಿಕ್ರಿಯೆ ಜೋರಾಗಿಯೇ ಇರುತ್ತದೆ, ದಿಕ್ಕು ಮಾತ್ರ ತಪ್ಪಿರುತ್ತದೆ.

ಮೂರನೆಯದು ವೇಗ. ಹುಳು ದೊಡ್ಡದಾಗಿ ಮೊಟ್ಟೆ ಇಡಲು ಶುರುಮಾಡುವ ಮೊದಲೇ ಪ್ರತಿಕ್ರಿಯೆ ಉತ್ತುಂಗಕ್ಕೆ ಬಂದರೆ ಕೆಲಸ ಮುಗಿದಂತೆ. ಎರಡು ವಾರ ತಡವಾದರೆ, ಅಷ್ಟರಲ್ಲಿ ಹುಳು ತನ್ನದೇ ಸ್ರಾವಗಳಿಂದ ಸುತ್ತಲಿನ ಪ್ರತಿರಕ್ಷೆಯನ್ನು ತಣ್ಣಗಾಗಿಸಿಬಿಡುತ್ತದೆ.

ನಾಲ್ಕನೆಯದು ಕರುಳಿನ ಗೋಡೆಯ ಮೇಲಿನ ಕೆಲಸ. ರಕ್ತದಲ್ಲಿ ಪ್ರತಿಕಾಯ ಎಷ್ಟೇ ಇರಲಿ, ಲೋಳೆ ಸುರಿಯಬೇಕು, ಗೋಡೆಯ ಕೋಶಗಳು ಬೇಗ ಬೇಗ ಹೊಸದಾಗಬೇಕು, ಸ್ನಾಯು ಹಿಂಡಬೇಕು. ಕರುಳಿನ ಒಳಪದರದಲ್ಲಿ ಚದುರಿಕೊಂಡಿರುವ ಟಫ್ಟ್ ಕೋಶಗಳು ಹುಳುವನ್ನು ಗುರುತಿಸಿ ಐಎಲ್-25 ಬಿಡುಗಡೆ ಮಾಡಿ ಈ ಸರಣಿಯನ್ನು ಎಬ್ಬಿಸುತ್ತವೆ ಎಂದು 2016ರಲ್ಲಿ ಮೂರು ಸಂಶೋಧನಾ ತಂಡಗಳು ಒಟ್ಟೊಟ್ಟಿಗೆ ತೋರಿಸಿದವು. ಈ ಸರಣಿಯ ಯಾವ ಕೊಂಡಿಯಲ್ಲಿ ಆನುವಂಶಿಕ ದೌರ್ಬಲ್ಯವಿದ್ದರೂ, ಚುಚ್ಚುಮದ್ದಿನ ಲಸಿಕೆ ಅದನ್ನು ಸರಿಪಡಿಸುತ್ತದೆ ಎಂಬ ಭರವಸೆಯಿಲ್ಲ.

ಈ ನಾಲ್ಕನ್ನೂ ಬೇರೆಬೇರೆಯಾಗಿ ಇಟ್ಟುಕೊಳ್ಳುವುದು ಏಕೆ ಮುಖ್ಯವೆಂದರೆ, ‘ಲಸಿಕೆಗೆ ಸ್ಪಂದಿಸದ ಪ್ರಾಣಿ’ ಎಂಬ ಒಂದೇ ಹಣೆಪಟ್ಟಿಯ ಕೆಳಗೆ ನಾಲ್ಕು ಬೇರೆ ರೋಗಿಗಳಿರುತ್ತಾರೆ. ಅಚ್ಚು ಹೊಂದದವರಿಗೆ ಹೆಚ್ಚು ಪ್ರತಿಜನಕಗಳ ಮಿಶ್ರಣ ಬೇಕು. ದಿಕ್ಕು ತಪ್ಪಿದವರಿಗೆ ಬೇರೆ ಅಡ್ಜುವಂಟ್, ಅಂದರೆ ಲಸಿಕೆಯ ಜೊತೆ ಬೆರೆಸುವ ಪ್ರಚೋದಕ ದ್ರವ್ಯ, ಬೇಕು. ನಿಧಾನಿಗಳಿಗೆ ಡೋಸ್‌ಗಳ ವೇಳಾಪಟ್ಟಿ ಬದಲಾಗಬೇಕು. ಕರುಳಿನ ಗೋಡೆಯಲ್ಲೇ ಕೊರತೆಯಿದ್ದರೆ ಲೋಳೆಪೊರೆಯ ನೆರವಿಲ್ಲದೆ ಕೆಲಸ ಮಾಡುವ ಲಸಿಕೆಯೇ ಬೇಕು.

ಇಲಿಗಳು ಕಲಿಸಿದ್ದು

ಇಲಿಗಳ ಚಾಟಿಹುಳು ಟ್ರೈಕ್ಯುರಿಸ್ ಮ್ಯುರಿಸ್ ಈ ವಿಷಯದಲ್ಲಿ ಎಲ್ಲಕ್ಕಿಂತ ಸ್ಪಷ್ಟವಾಗಿ ಪಾಠ ಹೇಳುವ ಮಾದರಿ. ಬಾಲ್ಬ್-ಕೆ ತಳಿಯ ಇಲಿಗೆ ಒಂದೇ ಸಲ ಇನ್ನೂರರ ಆಸುಪಾಸು ಮೊಟ್ಟೆ ಕುಡಿಸಿದರೆ ಸುಮಾರು ಮೂರು ವಾರದೊಳಗೆ ಹುಳುಗಳೆಲ್ಲ ಹೊರಬಿದ್ದಿರುತ್ತವೆ. ಎಕೆಆರ್ ತಳಿಯ ಇಲಿಗೆ ಅಷ್ಟೇ ಮೊಟ್ಟೆ ಕುಡಿಸಿದರೆ ಹುಳುಗಳು ದೊಡ್ಡಕರುಳಿನ ಆರಂಭದ ಚೀಲದಲ್ಲೇ ನೆಲೆಯೂರಿ, ಸುಮಾರು ಐದು ವಾರದ ಹೊತ್ತಿಗೆ ಪ್ರಾಯಕ್ಕೆ ಬಂದು, ಮೊಟ್ಟೆಯಿಡುತ್ತಾ ಉಳಿಯುತ್ತವೆ. ಗಮನಿಸಬೇಕಾದ ಸಂಗತಿಯೆಂದರೆ ಎರಡೂ ತಳಿಗಳ ಎಂಎಚ್‌ಸಿ ಮಾದರಿ ಒಂದೇ. ಇಲಿಗಳಲ್ಲಿ ಅದನ್ನು ಎಚ್-2ಕೆ ಎನ್ನುತ್ತಾರೆ. ಅಚ್ಚು ಒಂದೇ ಇದ್ದೂ ಫಲ ತದ್ವಿರುದ್ಧ. ಹಾಗಾದರೆ ವ್ಯತ್ಯಾಸ ಇರುವುದು ಎಂಎಚ್‌ಸಿ ಹೊರಗಿನ ಜೀನುಗಳಲ್ಲಿ, ಪ್ರತಿಕ್ರಿಯೆಯ ದಿಕ್ಕು ನಿರ್ಧರಿಸುವ ಜೀನುಗಳಲ್ಲಿ.

ಇದನ್ನು ಸಾಬೀತುಪಡಿಸಿದ ರೀತಿ ಸೊಗಸಾಗಿದೆ. 1994ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಎಕೆಆರ್ ಇಲಿಗಳ ಇಂಟರ್‌ಫೆರಾನ್ ಗಾಮಾವನ್ನು ಪ್ರತಿಕಾಯದಿಂದ ಕಟ್ಟಿಹಾಕಿದರು. ಹುಳು ಸಾಕುತ್ತಿದ್ದ ಇಲಿಗಳು ಹುಳುವನ್ನು ಹೊರಹಾಕಿದವು. ನಿರೋಧಕ ತಳಿಯಲ್ಲಿ ಐಎಲ್-4ರ ಸಂದೇಶವನ್ನು ಹಿಡಿಯುವ ಗ್ರಾಹಕ ಪ್ರೋಟೀನನ್ನು ತಡೆದರು. ಹುಳು ಹೊರಹಾಕುತ್ತಿದ್ದ ಇಲಿಗಳು ಹುಳು ಸಾಕತೊಡಗಿದವು. ಎಕೆಆರ್ ಇಲಿಗೆ ಹುಳುವನ್ನು ಓಡಿಸುವ ಸಾಮರ್ಥ್ಯ ಹುಟ್ಟಿನಿಂದಲೇ ಇತ್ತು, ದಿಕ್ಕು ಮಾತ್ರ ತಪ್ಪುತ್ತಿತ್ತು.

ಲಸಿಕೆಗೆ ಇದರಿಂದ ದೊಡ್ಡ ಲಾಭವಿದೆ. ಹುಳು ಒಳಹೊಕ್ಕ ಮೇಲೆ ಎಕೆಆರ್ ಇಲಿ ತಪ್ಪು ದಾರಿ ಹಿಡಿಯುತ್ತದೆ ನಿಜ. ಆದರೆ ಸೋಂಕಿಗೆ ಮೊದಲೇ ಹುಳುವಿನ ಸ್ರಾವದ ಪ್ರೋಟೀನುಗಳನ್ನು ಅಡ್ಜುವಂಟ್ ಜೊತೆ ಚರ್ಮದಡಿ ಚುಚ್ಚಿದರೆ ಅದೇ ಎಕೆಆರ್ ಇಲಿ ರಕ್ಷಣೆ ಪಡೆಯುತ್ತದೆ. ಸಹಜ ಸೋಂಕಿನಲ್ಲಿ ಸೋಲುವ ತಳಿ ಲಸಿಕೆಯಲ್ಲಿಯೂ ಸೋಲಬೇಕೆಂದೇನೂ ಇಲ್ಲ. ಲಸಿಕೆಯ ವೈಫಲ್ಯವನ್ನು ‘ಈ ತಳಿಯೇ ಹೀಗೆ’ ಎಂದು ಕೈಬಿಡುವವರು ಈ ಪ್ರಯೋಗವನ್ನು ನೆನಪಿಡುವುದು ಒಳ್ಳೆಯದು.

ಇನ್ನೊಂದು ಮಗ್ಗುಲೂ ಇದೆ. ನಿರೋಧಕ ತಳಿ ಎಂದು ಹೆಸರಾದ ಇಲಿಗೂ ಇನ್ನೂರರ ಬದಲು ಇಪ್ಪತ್ತರಷ್ಟು ಮೊಟ್ಟೆ ಕೊಟ್ಟರೆ ಅದು ಟಿಎಚ್1 ದಿಕ್ಕಿಗೆ ಹೊರಳಿ ಹುಳುವನ್ನು ಉಳಿಸಿಕೊಳ್ಳುತ್ತದೆ. ಅಂದರೆ ಜೀನು ನೇರವಾಗಿ ಗೆಲುವು ಸೋಲನ್ನು ಬರೆದಿಡುವುದಿಲ್ಲ. ಎಷ್ಟು ಪ್ರಮಾಣದ ಪ್ರತಿಜನಕಕ್ಕೆ ಪ್ರತಿಕ್ರಿಯೆ ಯಾವ ಕಡೆ ವಾಲಬೇಕು ಎಂಬ ಹೊಸ್ತಿಲನ್ನು ಮೇಲೆ ಕೆಳಗೆ ಸರಿಸುತ್ತದೆ. ಪ್ರಯೋಗಾಲಯದಲ್ಲಿ ಒಂದೇ ದೊಡ್ಡ ಡೋಸಿನ ಸೋಂಕು ಕೊಟ್ಟು ಲಸಿಕೆ ಗೆದ್ದಿತೆಂದು ಬೀಗಿದವರು ಹೊಲದಲ್ಲಿ ಎಡವುವುದು ಇದೇ ಕಾರಣಕ್ಕೆ. ಅಲ್ಲಿ ಲಾರ್ವಾಗಳು, ಅಂದರೆ ಮರಿಹುಳುಗಳು, ದಿನಕ್ಕೆ ನಾಲ್ಕಾರು, ಹನಿಹನಿಯಾಗಿ, ತಿಂಗಳುಗಟ್ಟಲೆ ಒಳಹೋಗುತ್ತವೆ.

ಸಣ್ಣಕರುಳಿನಲ್ಲಿ ಬದುಕುವ ಹೆಲಿಗ್ಮೊಸೊಮಾಯ್ಡಿಸ್ ಹುಳುವಿನಲ್ಲಿ ವೇಗದ ವ್ಯತ್ಯಾಸ ಎದ್ದುಕಾಣುತ್ತದೆ. ಎಸ್‌ಡಬ್ಲ್ಯುಆರ್, ಎಸ್‌ಜೆಎಲ್ ತಳಿಯ ಇಲಿಗಳು ಅದನ್ನು ಬೇಗ ಹೊರಹಾಕುತ್ತವೆ, ಸಿಬಿಎ ಮತ್ತು ಸಿ3ಎಚ್ ತಿಂಗಳುಗಟ್ಟಲೆ ಹೊತ್ತುಕೊಂಡಿರುತ್ತವೆ. ಈ ಹುಳುವಿನ ಸ್ರಾವವನ್ನು ಆಲಂ ಎಂಬ ಅಲ್ಯೂಮಿನಿಯಂ ಲವಣದ ಜೊತೆ ಕೊಟ್ಟ ಲಸಿಕೆ ಇಲಿಗಳಲ್ಲಿ ಬಲವಾದ ರಕ್ಷಣೆ ಕೊಟ್ಟಿದೆ. ಆಲಂ ಸ್ವಭಾವತಃ ಪ್ರತಿಕ್ರಿಯೆಯನ್ನು ಟಿಎಚ್2 ಕಡೆ ತಳ್ಳುವ ದ್ರವ್ಯ ಎಂಬುದನ್ನು ಇಲ್ಲಿ ಮರೆಯುವಂತಿಲ್ಲ.

ಕುರಿ: ಎರಡು ಲಸಿಕೆ, ಎರಡು ದಾರಿ

ಹುಳುಗಳ ವಿರುದ್ಧ ರೈತರ ಕೈಗೆ ಸಿಕ್ಕಿರುವ ಲಸಿಕೆಗಳು ಬೆರಳೆಣಿಕೆಯಷ್ಟು. ಅವುಗಳಲ್ಲಿ ಬಾರ್ಬರ್‌ವ್ಯಾಕ್ಸ್ ಒಂದು, 2014ರಲ್ಲಿ ಆಸ್ಟ್ರೇಲಿಯಾದಲ್ಲಿ ಮಾರುಕಟ್ಟೆಗೆ ಬಂದದ್ದು. ಸ್ಕಾಟ್ಲೆಂಡಿನ ಮೊರೆಡನ್ ಸಂಶೋಧನಾ ಸಂಸ್ಥೆಯ ದಶಕಗಳ ಕೆಲಸದ ಫಲ. ಗುರಿ ಹೀಮಾಂಕಸ್ ಕಂಟಾರ್ಟಸ್. ಕುರಿಯ ನಾಲ್ಕನೇ ಹೊಟ್ಟೆಯಲ್ಲಿ ಕೂತು ರಕ್ತ ಹೀರುವ ಈ ಹುಳುವಿನ ಹೆಣ್ಣು ದಿನಕ್ಕೆ ಐದು ಸಾವಿರ ಅಥವಾ ಇನ್ನೂ ಹೆಚ್ಚು ಮೊಟ್ಟೆಯಿಡುತ್ತದೆ. ಲಸಿಕೆಯ 1 ಮಿ.ಲೀ. ಡೋಸಿನಲ್ಲಿ ಹುಳುವಿನ ಕರುಳಿನ ಗೋಡೆಯಿಂದಲೇ ತೆಗೆದ ಪ್ರೋಟೀನು ಕೇವಲ 5 ಮೈಕ್ರೊಗ್ರಾಂ, ಜೊತೆಗೆ ಅಡ್ಜುವಂಟ್ ಆಗಿ 1 ಮಿ.ಗ್ರಾಂ ಸಪೋನಿನ್. ಮರಿಗಳಿಗೆ ಮೂರು ನಾಲ್ಕು ವಾರಗಳ ಅಂತರದಲ್ಲಿ ಮೂರು ಆರಂಭಿಕ ಡೋಸ್, ಆಮೇಲೆ ಹುಳುವಿನ ಋತು ಮುಗಿಯುವವರೆಗೆ ಆರು ವಾರಕ್ಕೊಂದು. ಮೂರನೇ ಡೋಸಿಗೆ ಮೊದಲು ರಕ್ಷಣೆ ಸಾಲದು.

ಇದರ ತಂತ್ರ ಬೇರೆ. ಸಹಜ ಸೋಂಕಿನಲ್ಲಿ ಕುರಿಯ ಪ್ರತಿರಕ್ಷೆ ಹುಳುವಿನ ಕರುಳಿನ ಒಳಗೋಡೆಯನ್ನು ಎಂದೂ ಕಾಣುವುದಿಲ್ಲ, ಹಾಗಾಗಿ ಇವಕ್ಕೆ ಮರೆಯ ಪ್ರತಿಜನಕಗಳು ಎಂದು ಹೆಸರು. ಲಸಿಕೆ ಅವುಗಳ ವಿರುದ್ಧ ರಕ್ತದಲ್ಲಿ ಐಜಿಜಿ ಪ್ರತಿಕಾಯ ತುಂಬಿಸುತ್ತದೆ. ಹುಳು ರಕ್ತ ಹೀರುವಾಗ ಪ್ರತಿಕಾಯವನ್ನೂ ಹೀರಿಕೊಂಡು, ತನ್ನ ಜೀರ್ಣಕಿಣ್ವಗಳು ಕೈಕೊಟ್ಟು ಸಾಯುತ್ತದೆ ಅಥವಾ ಮೊಟ್ಟೆ ಇಡುವುದನ್ನು ಕಡಿಮೆ ಮಾಡುತ್ತದೆ. ಪ್ರಯೋಗಗಳಲ್ಲಿ ಮೊಟ್ಟೆ ಎಣಿಕೆ ಶೇ 75ರಿಂದ 95ರವರೆಗೆ ಇಳಿದಿದೆ. ಲೋಳೆ, ಮಾಸ್ಟ್ ಕೋಶ, ಇಯೋಸಿನೊಫಿಲ್ ಯಾವುದರ ನೆರವೂ ಇಲ್ಲಿ ಅನಿವಾರ್ಯವಲ್ಲ. ಆದ್ದರಿಂದ ಸಹಜ ಸೋಂಕಿಗೆ ಬಗ್ಗುವಂತೆ ಮಾಡುವ ಲೋಳೆಪೊರೆಯ ಜೀನುಗಳು ಇಲ್ಲಿ ಅಷ್ಟಾಗಿ ಅಡ್ಡಬರಬೇಕಿಲ್ಲ. ಎಷ್ಟು ಪ್ರತಿಕಾಯ ಹುಟ್ಟುತ್ತದೆ, ಎಷ್ಟು ದಿನ ಉಳಿಯುತ್ತದೆ ಎಂಬುದನ್ನು ನಿರ್ಧರಿಸುವ ಜೀನುಗಳೇ ಇಲ್ಲಿ ಮುಖ್ಯ. ಬೆಲೆ ತೆರಬೇಕಾದದ್ದು ಬೇರೆಡೆ: ಸೋಂಕಿನಿಂದ ಈ ರಕ್ಷಣೆ ಮರುಕಳಿಸುವುದಿಲ್ಲ, ಪ್ರತಿಕಾಯ ಇಳಿದಂತೆ ಡೋಸ್ ಮತ್ತೆ ಕೊಡಲೇಬೇಕು. ಪ್ರತಿಕಾಯ ಬೇಗ ಇಳಿಯುವ ಕುರಿ ಐದನೇ ವಾರಕ್ಕೇ ಬಯಲಲ್ಲಿ ನಿಂತಂತಾಗುತ್ತದೆ. ಇನ್ನೊಂದು ತೊಡಕು: ಇದೇ ಪ್ರೋಟೀನುಗಳನ್ನು ಪ್ರಯೋಗಾಲಯದಲ್ಲಿ ಬೇರೆ ಜೀವಿಗಳಲ್ಲಿ ತಯಾರಿಸಿದಾಗ ಪ್ರತಿಕಾಯ ಚೆನ್ನಾಗಿ ಬಂತು, ರಕ್ಷಣೆ ಬರಲಿಲ್ಲ. ಹುಳು ತನ್ನ ಪ್ರೋಟೀನಿಗೆ ಅಂಟಿಸುವ ಸಕ್ಕರೆ ಸರಪಳಿಗಳೂ ಮಡಿಕೆಯೂ ಅಲ್ಲಿ ಸರಿಯಾಗಿ ಬರುವುದಿಲ್ಲ ಎಂಬುದು ಇದಕ್ಕೆ ಸಾಮಾನ್ಯವಾಗಿ ಕೊಡುವ ವಿವರಣೆ. ಹಾಗಾಗಿ ಇಂದಿಗೂ ಈ ಲಸಿಕೆ ತಯಾರಿಸಲು ಸೋಂಕು ತಗುಲಿಸಿದ ಕುರಿಗಳಿಂದಲೇ ಹುಳು ಸಂಗ್ರಹಿಸಬೇಕು.

ಟೆಲಡೊರ್ಸಾಜಿಯ ಸರ್ಕಮ್‌ಸಿಂಕ್ಟ ಎಂಬ ಇನ್ನೊಂದು ಹುಳುವಿನ ಕತೆ ಪೂರ್ತಿ ಭಿನ್ನ. ಇದು ರಕ್ತ ಹೀರಿ ಬದುಕುವ ಹುಳುವಲ್ಲ, ಹಾಗಾಗಿ ಮೇಲಿನ ತಂತ್ರ ನಡೆಯದು. ಲೋಳೆಪೊರೆಯ ಪ್ರತಿಕ್ರಿಯೆಯೇ ಬೇಕು, ಮತ್ತು ಆನುವಂಶಿಕತೆ ತನ್ನ ಪೂರ್ಣ ಬಲ ತೋರಿಸುವುದು ಅಲ್ಲಿಯೇ. ಸ್ಕಾಟಿಷ್ ಬ್ಲಾಕ್‌ಫೇಸ್ ಕುರಿಮರಿಗಳ ಅಧ್ಯಯನಗಳಲ್ಲಿ ಕಂಡದ್ದು ಸ್ವಾರಸ್ಯಕರ: ಹೊಟ್ಟೆಯಲ್ಲಿರುವ ಹುಳುಗಳ ಸಂಖ್ಯೆಯ ಆನುವಂಶಿಕತೆ (ವ್ಯತ್ಯಾಸದಲ್ಲಿ ಜೀನುಗಳ ಪಾಲು, 0ರಿಂದ 1ರವರೆಗಿನ ಅಳತೆ) ಸುಮಾರು 0.14 ಮಾತ್ರ, ಆದರೆ ಹುಳುವಿನ ಉದ್ದದ ಆನುವಂಶಿಕತೆ ಸುಮಾರು 0.6. ಮರಿಯ ಜೀನು ತೀರ್ಮಾನಿಸುವುದು ಮುಖ್ಯವಾಗಿ ಹುಳು ಎಷ್ಟು ಬೆಳೆಯುತ್ತದೆ ಎಂಬುದನ್ನು. ನಾಲ್ಕನೇ ಹಂತದ ಲಾರ್ವಾಗಳ ವಿರುದ್ಧ ಐಜಿಎ ಪ್ರತಿಕಾಯ ಹೆಚ್ಚಿದ್ದರೆ ಹುಳು ಗಿಡ್ಡ, ಗಿಡ್ಡ ಹೆಣ್ಣು ಹುಳುವಿನ ಗರ್ಭದಲ್ಲಿ ಮೊಟ್ಟೆ ಕಡಿಮೆ. ಅದೇ ಕುರಿಗಳಲ್ಲಿ ಡಿಆರ್‌ಬಿ1 ಜೀನಿನ ಒಂದು ರೂಪವಿದ್ದ ಮರಿಗಳ ಮೊಟ್ಟೆ ಎಣಿಕೆ ಕಡಿಮೆಯಿತ್ತು. ಮೊಟ್ಟೆ ಎಣಿಕೆಯ ಆನುವಂಶಿಕತೆ ಮೊದಲ ಒಂದೆರಡು ತಿಂಗಳಲ್ಲಿ ಕಾಣಿಸುವುದೇ ಇಲ್ಲ. ಆರು ತಿಂಗಳ ಹೊತ್ತಿಗೆ 0.3ರ ಸುತ್ತಮುತ್ತ ಬರುತ್ತದೆ. ಪ್ರತಿರಕ್ಷೆ ಪಳಗುವವರೆಗೆ ಜೀನುಗಳಿಗೆ ತೋರಿಸಲು ಏನೂ ಇರುವುದಿಲ್ಲ.

ಈ ಹುಳುವಿನ ವಿರುದ್ಧ ಮೊರೆಡನ್‌ನಲ್ಲೇ ಎಂಟು ಪ್ರೋಟೀನುಗಳ ಮಿಶ್ರಣದ ಪ್ರಾಯೋಗಿಕ ಲಸಿಕೆ ತಯಾರಾಯಿತು. ಫಲಿತಾಂಶ ಪ್ರಕಟವಾದದ್ದು 2013ರಲ್ಲಿ. ಕ್ವಿಲ್-ಎ ಎಂಬ ಸಪೋನಿನ್ ಅಡ್ಜುವಂಟ್ ಜೊತೆ ಮೂರು ಸಲ ಲಸಿಕೆ, ಆಮೇಲೆ ಹನಿಹನಿಯಾಗಿ ಲಾರ್ವಾಗಳ ಸೋಂಕು. ಎರಡು ಪ್ರಯೋಗಗಳಲ್ಲಿ ಸರಾಸರಿ ಮೊಟ್ಟೆ ಎಣಿಕೆ ಶೇ 70 ಮತ್ತು ಶೇ 58ರಷ್ಟು ಇಳಿಯಿತು. ಮೊಟ್ಟೆ ಅತಿ ಹೆಚ್ಚು ಬೀಳುವ ದಿನಗಳಲ್ಲಿ ಶೇ 92 ಮತ್ತು 73. ಒಂದೇ ಲಸಿಕೆ, ಒಂದೇ ವಿಧಾನ, ಆದರೂ ಎರಡು ಪ್ರಯೋಗಗಳ ನಡುವೆ ಇಷ್ಟು ಅಂತರ. ಗುಂಪಿನ ಒಳಗೂ ಮರಿಯಿಂದ ಮರಿಗೆ ವ್ಯತ್ಯಾಸ ದೊಡ್ಡದು.

ಕೆನರಿ ದ್ವೀಪಗಳ ಎರಡು ದೇಸಿ ತಳಿಗಳ ಮೇಲಿನ ಕೆಲಸ ಇಲ್ಲಿಯೇ ಬೆಳಕು ಚೆಲ್ಲುತ್ತದೆ. ಕೆನರಿಯಾ ಹೇರ್ ತಳಿ ಈ ಹುಳುವಿಗೆ ಸಹಜವಾಗಿಯೇ ನಿರೋಧಕ, ಕೆನರಿಯಾ ಶೀಪ್ ತಳಿ ಬಗ್ಗುವಂಥದ್ದು. ಎರಡಕ್ಕೂ ಟೆಲಡೊರ್ಸಾಜಿಯದ ಒಂದೇ ಮರುಸಂಯೋಜಿತ (ಪ್ರಯೋಗಾಲಯದಲ್ಲಿ ಬೇರೆ ಜೀವಿಗಳಲ್ಲಿ ತಯಾರಿಸಿದ) ಪ್ರೋಟೀನ್ ಲಸಿಕೆ ಕೊಟ್ಟು, ಸೋಂಕು ಕೊಟ್ಟು, ಹೊಟ್ಟೆಯ ಗೋಡೆಯಲ್ಲಿನ ಕೋಶಗಳನ್ನೂ ಪ್ರತಿಕಾಯಗಳನ್ನೂ ಹುಳುವಿನ ಉದ್ದ ಮತ್ತು ಗರ್ಭದ ಮೊಟ್ಟೆಗಳ ಜೊತೆ ತಾಳೆಹಾಕಿದರು. ಯಾವ ಕೋಶ ಹೆಚ್ಚಿದಾಗ ಹುಳು ಕುಗ್ಗುತ್ತದೆ ಎಂಬ ನಂಟು ಎರಡು ತಳಿಗಳಲ್ಲಿ ಒಂದೇ ಆಗಿರಲಿಲ್ಲ. ಇದರ ಅರ್ಥ ಸರಳ, ಆದರೆ ಪ್ರಯೋಗಾಲಯಗಳಿಗೆ ಕಿರಿಕಿರಿಯದ್ದು: ಒಂದು ತಳಿಯಲ್ಲಿ ‘ಈ ಅಳತೆ ಏರಿದರೆ ರಕ್ಷಣೆ ಬಂದಂತೆ’ ಎಂದು ಗುರುತಿಸಿದ ಸೂಚಕವನ್ನು ಇನ್ನೊಂದು ತಳಿಗೆ ಕಣ್ಣುಮುಚ್ಚಿ ಒಯ್ಯುವಂತಿಲ್ಲ.

ಕೋಳಿಯ ಕರುಳಿನಿಂದ ಒಂದು ಎಚ್ಚರಿಕೆ

ಹುಳುಗಳಿಂದ ಒಂದು ಹೆಜ್ಜೆ ಆಚೆ, ಏಕಕೋಶಿ ಪರಜೀವಿ ಐಮೇರಿಯ ಮ್ಯಾಕ್ಸಿಮ. ಕೋಳಿಗಳಲ್ಲಿ ಕಾಕ್ಸಿಡಿಯೋಸಿಸ್ ತರುವ ಗುಂಪಿನದು. ಒಂದು ಸಣ್ಣ ಸೋಂಕಿನಿಂದಲೇ ಅದೇ ಉಪತಳಿಯ ವಿರುದ್ಧ ಪೂರ್ತಿ ರಕ್ಷಣೆ ಬರುತ್ತದೆ, ಕೋಳಿ ಯಾವ ತಳಿಯದಾದರೂ ಸರಿ. ಆದರೆ ಪರಜೀವಿಯ ಇನ್ನೊಂದು ಉಪತಳಿಯನ್ನು ಎದುರಿಗಿಟ್ಟಾಗ ಅಂತಃಸಂತತಿಯ (ಹತ್ತಿರದ ಸಂಬಂಧದೊಳಗೇ ಬೆಳೆಸಿದ) ವೈಟ್ ಲೆಗಾರ್ನ್ ತಳಿಗಳ ನಡುವೆ ರಕ್ಷಣೆ ತೀರಾ ಬೇರೆಬೇರೆಯಾಯಿತು. ಪ್ರತಿಯೊಂದು ತಳಿಯೂ ಪರಜೀವಿಯ ಬೇರೆ ಬೇರೆ ಪ್ರತಿಜನಕಗಳ ಮೇಲೆ ಗಮನ ನೆಟ್ಟಿತ್ತೆಂದು ತೋರುತ್ತದೆ. ಆ ಪ್ರತಿಜನಕ ಎರಡೂ ಉಪತಳಿಗಳಲ್ಲಿ ಒಂದೇ ಇದ್ದರೆ ಅದೃಷ್ಟ. ಸೋಂಕನ್ನು ಒಂದೇ ಸಲದ ಬದಲು ಕಂತುಕಂತಾಗಿ ಕೊಟ್ಟಾಗ ಈ ಅಡ್ಡರಕ್ಷಣೆ ಸುಧಾರಿಸಿತು. ಒಂದೇ ಉಪತಳಿಯಿಂದ ಲಸಿಕೆ ಕೊಟ್ಟು ಅದರಿಂದಲೇ ಪರೀಕ್ಷಿಸಿದ್ದರೆ ಆನುವಂಶಿಕ ವ್ಯತ್ಯಾಸ ಎಂದೂ ಬಯಲಾಗುತ್ತಿರಲಿಲ್ಲ.

ಮನುಷ್ಯರಲ್ಲಿ

ನೇಪಾಳದ ಜಿರಿ ಪ್ರದೇಶದ ದೊಡ್ಡ ವಂಶಾವಳಿಗಳ ಅಧ್ಯಯನದಲ್ಲಿ ದುಂಡುಹುಳುವಿನ ಹೊರೆಯ ವ್ಯತ್ಯಾಸದಲ್ಲಿ ಶೇ 30ರಿಂದ 50 ಆನುವಂಶಿಕ ಎಂದು ಕಂಡುಬಂತು. 2002ರಲ್ಲಿ ಅದೇ ಜನರ ಜೀನೋಮ್ ಹುಡುಕಾಟ 1 ಮತ್ತು 13ನೇ ವರ್ಣತಂತುಗಳ ಕಡೆ ಬೆರಳು ತೋರಿಸಿತು. ಕರುಳಿನ ರಕ್ತನಾಳಗಳಲ್ಲಿರುವ ಶಿಸ್ಟೊಸೋಮಾ ಹುಳುವಿಗೆ 1996ರಲ್ಲಿ ಬ್ರೆಜಿಲ್‌ನ ಕುಟುಂಬಗಳಲ್ಲಿ 5ನೇ ವರ್ಣತಂತುವಿನ ಒಂದು ತಾಣ ಸಿಕ್ಕಿತು. ಐಎಲ್-4, ಐಎಲ್-5, ಐಎಲ್-13 ಜೀನುಗಳು ಕೂತಿರುವುದು ಆ ಭಾಗದಲ್ಲೇ. ಒಂದೇ ಜೀನಿನ ಕತೆಯಲ್ಲ ಇದು. ಸಣ್ಣ ಸಣ್ಣ ಪರಿಣಾಮದ ಹಲವು ಜೀನುಗಳು ಕೂಡಿದ ಫಲ.

ಲಸಿಕೆಯ ವಿಷಯದಲ್ಲಿ ಮನುಷ್ಯರಿಂದ ಬಂದ ದೊಡ್ಡ ಪಾಠ ಸುರಕ್ಷತೆಯದು. ಕೊಕ್ಕೆಹುಳುವಿನ ಲಾರ್ವಾದ ಎಎಸ್‌ಪಿ-2 ಪ್ರೋಟೀನಿನ ಲಸಿಕೆ ಸೋಂಕೇ ಕಾಣದ ಸ್ವಯಂಸೇವಕರಲ್ಲಿ ತೊಂದರೆ ಕೊಡಲಿಲ್ಲ. ಬ್ರೆಜಿಲ್‌ನಲ್ಲಿ ಹಿಂದೆ ಸೋಂಕು ತಗುಲಿದ್ದವರಿಗೆ ಕೊಟ್ಟಾಗ ಕೆಲವರಿಗೆ ಮೈತುಂಬ ಪಿತ್ತಗಂಧೆ ಎದ್ದಿತು, ಪ್ರಯೋಗ ನಿಂತಿತು. ಅವರ ರಕ್ತದಲ್ಲಿ ಆ ಪ್ರೋಟೀನಿನ ವಿರುದ್ಧ ಐಜಿಇ ಮೊದಲೇ ಇತ್ತು. ಹುಳುವನ್ನು ಓಡಿಸುವ ಟಿಎಚ್2 ದಾರಿಯೇ ಅಲರ್ಜಿಯ ದಾರಿಯೂ ಹೌದು. ಐಜಿಇ ಎಷ್ಟು ಏರುತ್ತದೆ ಎಂಬುದರಲ್ಲಿ ಆನುವಂಶಿಕತೆಯ ಪಾಲು ದೊಡ್ಡದು. ಟಿಎಚ್2 ಕಡೆ ಬಲವಾಗಿ ವಾಲುವ ಜೀನುಗಳಿದ್ದವರು ಲಸಿಕೆಗೆ ಚೆನ್ನಾಗಿ ಸ್ಪಂದಿಸಬಹುದು, ಅಪಾಯವೂ ಅವರಿಗೇ ಹೆಚ್ಚು. ಆ ಬಳಿಕದ ಕೊಕ್ಕೆಹುಳು ಲಸಿಕೆಗಳು ಲಾರ್ವಾವನ್ನು ಬಿಟ್ಟು, ವಯಸ್ಕ ಹುಳು ರಕ್ತ ಜೀರ್ಣಿಸಲು ಬಳಸುವ ಜಿಎಸ್‌ಟಿ-1, ಎಪಿಆರ್-1 ಪ್ರೋಟೀನುಗಳತ್ತ ಹೊರಳಿದ್ದು ಇದೇ ಕಾರಣಕ್ಕೆ. ದೇಹ ಸಹಜ ಸೋಂಕಿನಲ್ಲಿ ಇವುಗಳಿಗೆ ಐಜಿಇ ಕಟ್ಟಿಕೊಳ್ಳುವ ಸಂಭವ ಕಡಿಮೆ.

ಪ್ರಯೋಗ ಮಾಡುವವರು ಎಡವುವ ಕಡೆಗಳು

ಮೊಟ್ಟೆ ಎಣಿಸುವ ಮ್ಯಾಕ್‌ಮಾಸ್ಟರ್ ವಿಧಾನ ಎಲ್ಲರಿಗೂ ಗೊತ್ತು: 3 ಗ್ರಾಂ ಹಿಕ್ಕೆಯನ್ನು 42 ಮಿ.ಲೀ. ದ್ರವದಲ್ಲಿ ಕದಡಿ, ಸೋಸಿ, ಗಾಢ ಉಪ್ಪುನೀರಿನಲ್ಲಿ ಮೊಟ್ಟೆ ತೇಲಿಸಿ, 0.15 ಮಿ.ಲೀ.ನ ಎರಡು ಕೋಣೆಗಳಲ್ಲಿ ಎಣಿಸಿ 50ರಿಂದ ಗುಣಿಸುವುದು. ಚಿಕಿತ್ಸೆ ಬೇಕೋ ಬೇಡವೋ ಎಂದು ನೋಡಲು ಇದು ಸಾಕು. ಲಸಿಕೆಯ ಪ್ರಯೋಗಕ್ಕೆ ಸಾಲದು. ಗ್ರಾಂಗೆ 30 ಮೊಟ್ಟೆಯಿರುವ ಕುರಿ ಇಲ್ಲಿ ಸೊನ್ನೆಯಾಗಿಯೂ ಬರಬಹುದು, 50 ಆಗಿಯೂ ಬರಬಹುದು. ಗ್ರಾಂಗೆ ಒಂದು ಮೊಟ್ಟೆಯನ್ನೂ ಹಿಡಿಯುವ ತೇಲಿಸುವ ವಿಧಾನ ಬಳಸದಿದ್ದರೆ ಚೆನ್ನಾಗಿ ಸ್ಪಂದಿಸಿದವರ ನಡುವಿನ ವ್ಯತ್ಯಾಸವೆಲ್ಲ ಅಳಿಸಿಹೋಗುತ್ತದೆ. ಬೆಚ್ಚಗಿನ ಜಾಗದಲ್ಲಿ ಇಟ್ಟ ಮಾದರಿಯಲ್ಲಿ ಮೊಟ್ಟೆ ಒಡೆದು ಲಾರ್ವಾ ಹೊರಬರುವುದರಿಂದ, ತೆಗೆದ ಕೂಡಲೇ ತಂಪಿನಲ್ಲಿಡಬೇಕು. ಭೇದಿಯಾಗುತ್ತಿರುವ ಪ್ರಾಣಿಯ ಎಣಿಕೆ ನೀರಿನಿಂದಲೇ ಕಡಿಮೆ ಕಾಣುತ್ತದೆ.

ಸರಾಸರಿ ತೆಗೆಯುವ ವಿಧಾನದಲ್ಲೂ ಮೋಸವಿದೆ. ನಾಲ್ಕು ಮರಿಗಳ ಎಣಿಕೆ 50, 50, 50 ಮತ್ತು 3,850 ಎನ್ನಿ. ಸಾಮಾನ್ಯ ಸರಾಸರಿ 1,000. ಗುಣೋತ್ತರ ಸರಾಸರಿ, ಅಂದರೆ ನಾಲ್ಕೂ ಅಂಕಿಗಳನ್ನು ಗುಣಿಸಿ ನಾಲ್ಕನೇ ಮೂಲ ತೆಗೆದದ್ದು, ಸುಮಾರು 148. ಸಂಖ್ಯಾಶಾಸ್ತ್ರದ ಅನುಕೂಲಕ್ಕೆಂದು ಎರಡನೆಯದನ್ನು ಕೊಡುವ ರೂಢಿಯಿದೆ. ಆದರೆ ಹುಲ್ಲುಗಾವಲನ್ನು ಕೆಡಿಸುತ್ತಿರುವುದು ಆ ನಾಲ್ಕನೇ ಮರಿಯೇ, ಅದನ್ನೇ ಆ ಲೆಕ್ಕ ಮುಚ್ಚಿಡುತ್ತದೆ. ಎರಡೂ ಸರಾಸರಿಗಳನ್ನೂ, ಪ್ರತಿ ಪ್ರಾಣಿಯ ಬಿಡಿ ಅಂಕಿಯನ್ನೂ ಕೊಡದ ವರದಿಯಿಂದ ಆನುವಂಶಿಕತೆಯ ಬಗ್ಗೆ ಏನನ್ನೂ ತಿಳಿಯಲಾಗದು.

ಗುಂಪು ಮಾಡುವಾಗ ಟಗರನ್ನು ಮರೆಯಬಾರದು. ಹತ್ತು ಹನ್ನೆರಡು ಮರಿಗಳ ಗುಂಪಿನಲ್ಲಿ, ಒಂದು ನಿರೋಧಕ ಟಗರಿಗೆ ಹುಟ್ಟಿದ ಐದು ಮರಿಗಳು ಆಕಸ್ಮಿಕವಾಗಿ ಲಸಿಕೆಯ ಕಡೆ ಬಿದ್ದರೆ ಲಸಿಕೆ ಗೆದ್ದಂತೆ ತೋರುತ್ತದೆ. ಪ್ರತಿ ಟಗರಿನ ಮರಿಗಳನ್ನೂ ಎರಡೂ ಗುಂಪಿಗೆ ಸಮನಾಗಿ ಹಂಚಬೇಕು, ಅವಳಿಗಳಿದ್ದರೆ ಒಂದೊಂದನ್ನು ಒಂದೊಂದು ಕಡೆ. ಲಸಿಕೆ ಪಡೆಯದ ನಿಯಂತ್ರಣ ಗುಂಪು ಪ್ರತಿ ತಳಿಗೂ ಬೇರೆಯೇ ಇರಬೇಕು. ನಿರೋಧಕ ತಳಿಯಲ್ಲಿ ಎಣಿಕೆ 100ರಿಂದ 50ಕ್ಕೆ, ಬಗ್ಗುವ ತಳಿಯಲ್ಲಿ 1,000ದಿಂದ 300ಕ್ಕೆ ಇಳಿದರೆ ಮೊದಲನೆಯದರಲ್ಲಿ ಲಸಿಕೆ ‘ಶೇ 50 ಮಾತ್ರ’ ಎನಿಸುತ್ತದೆ. ಅಲ್ಲಿ ಇಳಿಯಲು ಜಾಗವೇ ಇರಲಿಲ್ಲ. ಇನ್ನು ರಕ್ತದ ಐಜಿಜಿ ಒಂದನ್ನೇ ಅಳೆದು ಸ್ಪಂದನೆ ಬಂತೆಂದು ಬರೆದುಕೊಳ್ಳುವುದು ಟೆಲಡೊರ್ಸಾಜಿಯದಂಥ ಹುಳುವಿಗೆ ಹೊಂದುವುದಿಲ್ಲ. ಒಳ್ಳೆಯ ಅಡ್ಜುವಂಟ್ ಇದ್ದರೆ ಐಜಿಜಿ ಬಹುತೇಕ ಎಲ್ಲರಲ್ಲೂ ಏರುತ್ತದೆ, ಹುಳುವಿನ ಉದ್ದ ಮಾತ್ರ ಎಲ್ಲರಲ್ಲೂ ಕುಗ್ಗುವುದಿಲ್ಲ. ಲೋಳೆಯ ಐಜಿಎ ನೋಡಬೇಕು. ಹುಳು ಎಣಿಸುವಾಗ ಕನಿಷ್ಠ ಇಪ್ಪತ್ತೈದು ಹೆಣ್ಣು ಹುಳುಗಳ ಉದ್ದವನ್ನಾದರೂ ಅಳೆಯುವುದು ಲೇಸು. ಮೊದಲ ಡೋಸಿಗೆ ಮುಂಚೆಯೇ ಪ್ರತಿ ಪ್ರಾಣಿಯ ಕಿವಿಯ ಚೂರು ಅಥವಾ ರಕ್ತವನ್ನು ಡಿಎನ್‌ಎಗಾಗಿ ತೆಗೆದಿಟ್ಟುಕೊಂಡರೆ, ಯಾವ ಪ್ರಾಣಿಯಲ್ಲಿ ಲಸಿಕೆ ಸೋತಿತೆಂದು ತಿಳಿದ ಮೇಲೆ ಜೀನು ನೋಡಲು ದಾರಿ ತೆರೆದಿರುತ್ತದೆ.

ಸಾಕಣೆದಾರರಿಗೆ ಡಿಎನ್‌ಎ ಪರೀಕ್ಷೆ ಬೇಕೆಂದೇನಿಲ್ಲ. ಹೀಮಾಂಕಸ್‌ಗೆ ಲಸಿಕೆ ಹಾಕಿದ ಮಂದೆಯಲ್ಲೂ ಕಣ್ಣಿನ ಒಳರೆಪ್ಪೆಯ ಬಣ್ಣವನ್ನು ಐದು ದರ್ಜೆಯ ಫಮಾಚಾ ಚೀಟಿಯ ಜೊತೆ ಹೋಲಿಸಿ ನೋಡುತ್ತಿರಬೇಕು. ಮೂರನೇ ಡೋಸಾದ ಮೇಲೂ 4 ಅಥವಾ 5ನೇ ದರ್ಜೆಗೆ ಬಿಳಿಚಿಕೊಂಡ ಕುರಿ ಸಿಕ್ಕರೆ ಅದಕ್ಕೆ ಮಾತ್ರ ಔಷಧ ಕುಡಿಸಿ, ಕಿವಿಯೋಲೆಯ ಸಂಖ್ಯೆ ಬರೆದಿಟ್ಟುಕೊಳ್ಳುವುದು. ಎರಡು ಋತುಗಳಲ್ಲಿ ಆ ಪಟ್ಟಿಯಲ್ಲಿ ಒಂದೇ ಟಗರಿನ ಮರಿಗಳು ಮತ್ತೆ ಮತ್ತೆ ಬಂದರೆ, ಮುಂದಿನ ಸಲ ಮಂದೆಗೆ ಬಿಡಬೇಕಾದದ್ದು ಬೇರೆ ಟಗರನ್ನು.